ಲೋಟ ಬೀಳಿಸಿದ ಕೂಸು

ಬಸುರಿಯಾದವಳಿಗೆ ಊರವರೆಲ್ಲ ವೈದ್ಯರೇ. ಹೊಟ್ಟೆ ಮುಂದಕ್ಕೆ ಚೂಪಾಗಿದ್ದರೆ ಗಂಡು, ಅಗಲಕ್ಕೆ ಹಬ್ಬಿದ್ದರೆ ಹೆಣ್ಣು. ಎದೆಯುರಿ ಬಂದರೆ ಕೂಸಿನ ತಲೆಯಲ್ಲಿ ಕೂದಲು ಜಾಸ್ತಿ. ಕೇಸರಿ ಹಾಲು ಕುಡಿದರೆ ಬಣ್ಣ ಬಿಳಿ. 1989ರ ಮಳೆಗಾಲದಲ್ಲಿ ನಾನು ಚೊಚ್ಚಲು ಬಸುರಿಯಾಗಿ ತೀರ್ಥಹಳ್ಳಿ ಹತ್ತಿರದ ತವರುಮನೆಗೆ ಬಂದು ಕೂತಾಗ ಈ ಶಾಸ್ತ್ರಗಳೆಲ್ಲ ನನ್ನ ಹೊಟ್ಟೆಯ ಮೇಲೆ ಪ್ರಯೋಗವಾದವು. ಗಂಡೋ ಹೆಣ್ಣೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿತ್ತು. ಆದರೆ ಒಂದು ವಿಷಯದಲ್ಲಿ ಮಾತ್ರ ಅಜ್ಜಿ, ಅಮ್ಮ, ಪಕ್ಕದ ಮನೆಯ ಅಕ್ಕಯ್ಯ ಎಲ್ಲರದೂ ಒಂದೇ ಮಾತು. "ಹಿಂಗೆ ಒದೀತಿದೆ ಅಂದ್ರೆ ಕೂಸು ದಷ್ಟಪುಷ್ಟವಾಗಿ ಬೆಳೀತಿದೆ ಕಣೇ."

ಒದೆಯಾದರೂ ಎಂಥದ್ದು! ಐದನೇ ತಿಂಗಳಲ್ಲಿ ಅದು ಮೊದಲು ಶುರುವಾದಾಗ ಹೊಟ್ಟೆಯೊಳಗೆ ವಾಯು ಸರಿದಾಡಿದ ಹಾಗಿತ್ತು. ಹಿಂದಿನ ದಿನ ತಿಂದ ಹಲಸಿನಕಾಯಿ ಹುಳಿಯ ಪ್ರಭಾವವೆಂದು ನಾನು ಎರಡು ದಿನ ಸುಮ್ಮನಿದ್ದೆ. ಏಳನೇ ತಿಂಗಳಿಗೆ ಆ ಸಂಶಯ ಉಳಿಯಲಿಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ಕಾಲು, ಎಡಗಡೆ ಕೆಳಗೆ ಕೈ. ಸೀರೆಯ ಮೇಲಿನಿಂದಲೇ ಗುಡ್ಡ ಎದ್ದು ಇಳಿಯುವುದು ಕಾಣುತ್ತಿತ್ತು. ಒಮ್ಮೆ ಜಗಲಿಯಲ್ಲಿ ಒರಗಿ ಕೂತು ಕಾಫಿ ಲೋಟವನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದೆ. ಒಳಗಿನಿಂದ ಒಂದು ಒದೆ ಬಿತ್ತು ನೋಡಿ, ಹಿತ್ತಾಳೆ ಲೋಟ ಉರುಳಿ ಅಂಗಳಕ್ಕೆ ಹೋಯಿತು. ಅಜ್ಜಿ ಆ ಸುದ್ದಿಯನ್ನು ಕೇರಿಗೆಲ್ಲ ಹಂಚಿದರು. "ಲೋಟ ಬೀಳಿಸಿದ ಕೂಸು" ಎಂದು ಹುಟ್ಟುವ ಮೊದಲೇ ಅದಕ್ಕೊಂದು ಹೆಸರಾಯಿತು.

ಅದೇ ಅಜ್ಜಿ ಊಟಕ್ಕೆ ಕೂತಾಗ ಇನ್ನೊಂದು ಮಾತು ಹೇಳುತ್ತಿದ್ದರು. ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಸಾಲುವುದಿಲ್ಲ, ದಪ್ಪ ಕೂಸಾದರೆ ಹೆರಿಗೆ ಕಷ್ಟ ಎಂದು. ಒಂದೇ ಬಾಯಲ್ಲಿ ಕೂಸು ದಪ್ಪಗಿದೆ ಎಂದು ಹೆಮ್ಮೆ, ದಪ್ಪಗಾದೀತು ಎಂದು ಹೆದರಿಕೆ. ಅಮ್ಮ ಅಜ್ಜಿಯ ಬೆನ್ನ ಹಿಂದೆ ನನಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು. ನನಗೋ ಎರಡೂ ಬೇಡವಾಗಿ, ರಾತ್ರಿ ನಿದ್ದೆಯೊಂದು ಬಂದರೆ ಸಾಕಾಗಿತ್ತು. ಏಕೆಂದರೆ ಈ ಮಹಾಶಯರ ಕುಣಿತವೆಲ್ಲ ನಾನು ಮಲಗಿದ ಮೇಲೆಯೇ.

ಒಂಬತ್ತನೇ ತಿಂಗಳು ಶುರುವಾದ ಹೊತ್ತಿಗೆ ಆ ನಿದ್ದೆ ಬಂತು. ಎರಡು ರಾತ್ರಿ, ಹೊರಗೆ ಮಳೆ ಧೋ ಎಂದು ಸುರಿಯುತ್ತಿರುವಾಗ, ಯಾರೂ ಒದೆಯದೆ, ಯಾರೂ ಎಬ್ಬಿಸದೆ ಬೆಳಗಿನವರೆಗೂ ಮಲಗಿದೆ. ಅಭಿಮನ್ಯುವಿನ ಕಥೆ ಹೇಳುವವರು ಸುಭದ್ರೆ ನಿದ್ದೆಹೋದದ್ದನ್ನು ಒಂದು ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಆ ನಿದ್ದೆ ಅವಳಿಗೆ ಎಷ್ಟು ರುಚಿಯಾಗಿದ್ದಿರಬೇಕೆಂದು ನನಗೆ ಗೊತ್ತು. ಬೆಳಿಗ್ಗೆ ಎದ್ದು "ಕೂಸು ಸುಮ್ಮನಾಗಿದೆ" ಎಂದೆ. "ದಿನ ಹತ್ರ ಬಂತಲ್ಲ, ಒಳಗೆ ಜಾಗ ಇಲ್ಲ ಅದಕ್ಕೆ. ಇನ್ನು ಒದೆಯೋದು ಕಡಿಮೆಯೇ" ಎಂದರು ಅಜ್ಜಿ. ಅಮ್ಮನೂ ಹೂಂ ಎಂದಳು. ನಾನೂ ನಂಬಿದೆ. ನಂಬುವುದರಿಂದ ನಿದ್ದೆಗೆ ಅನುಕೂಲವಿತ್ತು.

ಮೂರನೇ ದಿನ ಮಧ್ಯಾಹ್ನ ಉಂಡು ಎಡಮಗ್ಗುಲಿಗೆ ಮಲಗಿದೆ. ಊಟವಾದ ಮೇಲೆ ಖಂಡಿತ ಒಂದು ಗಲಾಟೆ ಇರುತ್ತಿತ್ತು. ಅಂದು ಇಲ್ಲ. ಹೊಟ್ಟೆ ತಟ್ಟಿದೆ, ಬೆಲ್ಲ ತಿಂದೆ, ಹೆಸರು ಹಿಡಿದು ಕರೆಯಲು ಹೆಸರಿರಲಿಲ್ಲವಾದ್ದರಿಂದ "ಲೋಟ ಬೀಳಿಸಿದವ್ನೇ" ಎಂದು ಕರೆದೆ. ಸಂಜೆ ದೀಪ ಹಚ್ಚುವವರೆಗೆ ಎರಡೇ ಸಲ ಮಿಸುಕಿತು. ಅದೂ ಕಾಯಿಲೆಯವರು ಮಗ್ಗುಲು ಬದಲಿಸಿದ ಹಾಗೆ. ನಾನು ಎದ್ದು ಅಡುಗೆಮನೆ ಬಾಗಿಲಲ್ಲಿ ನಿಂತು "ನಂಗೆ ಆಸ್ಪತ್ರೆಗೆ ಹೋಗ್ಬೇಕು" ಎಂದೆ. "ಈ ಮಳೇಲಾ? ನೋವು ಬಂತಾ?" ಇಲ್ಲ. "ನೀರು ಹೋಯ್ತಾ?" ಇಲ್ಲ. "ಮತ್ತೆಂಥದ್ದೇ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅಪ್ಪಯ್ಯ ಮಾತ್ರ ನನ್ನ ಮುಖವನ್ನೊಮ್ಮೆ ನೋಡಿ, ಮಾತಾಡದೆ ಕಂಬಳಿ ಕೊಪ್ಪೆ ಹಾಕಿಕೊಂಡು ಜೀಪು ಕೇಳಲು ಹೊರಟರು.

ಶಿವಮೊಗ್ಗ ಮುಟ್ಟಿದಾಗ ರಾತ್ರಿ ಹತ್ತಾಗಿತ್ತು. ಡಾಕ್ಟರಮ್ಮ ಮರದ ತುತ್ತೂರಿಯಂಥ ಕೊಳವೆಯನ್ನು ಹೊಟ್ಟೆಗಿಟ್ಟು ಕಿವಿಗೊಟ್ಟರು. ಆಮೇಲೆ ದರ್ಜಿಯ ಟೇಪು ತೆಗೆದು ಕೆಳಗಿನ ಎಲುಬಿನಿಂದ ಗರ್ಭದ ನೆತ್ತಿಯವರೆಗೆ ಅಳೆದರು. ಮತ್ತೊಮ್ಮೆ ಅಳೆದರು. 36 ವಾರದ ಬಸುರಿಗೆ ಆ ಅಳತೆ ಹೆಚ್ಚುಕಡಿಮೆ 36 ಸೆಂಟಿಮೀಟರ್ ಇರಬೇಕಂತೆ, ನನ್ನದು 30. ರಕ್ತದೊತ್ತಡ 150ರ ಮೇಲಿತ್ತು.

"ಇಲ್ಲಿಗೆ ಬರೋಕೆ ಯಾರಮ್ಮ ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಒದೆಯೋದು ಕಡಿಮೆಯಾಯ್ತು."

ಅವರು ತಲೆಯಾಡಿಸಿ, ನರ್ಸನ್ನು ಕರೆದರು. ಆ ರಾತ್ರಿಯೇ ಆಪರೇಷನ್ ಆಯಿತು. ಹೆಣ್ಣು ಕೂಸು. 1 ಕಿಲೋ 700 ಗ್ರಾಂ.

ಲೋಟ ಬೀಳಿಸಿದ ಕೂಸು ಒಂದು ಸಣ್ಣ ತೆಂಗಿನಕಾಯಿಯಷ್ಟಿತ್ತು. ಡಾಕ್ಟರಮ್ಮ ಆಮೇಲೆ ಬಿಡಿಸಿ ಹೇಳಿದರು. ನಾವು ಹೆರಿಗೆಯಾದ ಮೇಲೆ ಹೂಳುತ್ತೇವಲ್ಲ ಆ ಮಾಸು, ಅದರ ಮೂಲಕವೇ ಕೂಸಿಗೆ ಅನ್ನ, ಉಸಿರು ಎಲ್ಲ. ನನ್ನ ರಕ್ತದೊತ್ತಡದಿಂದ ಮಾಸಿಗೆ ರಕ್ತ ಸಾಲದೆ ಕೂಸು ಬೆಳೆಯುವುದು ನಿಧಾನವಾಗಿತ್ತು. 28 ವಾರಕ್ಕೆ ಸುಮಾರು ಒಂದು ಕಿಲೋ ಇರುವ ಕೂಸು ಕಡೆಯ ತಿಂಗಳುಗಳಲ್ಲಿ ವಾರಕ್ಕೆ ಹತ್ತಿರ ಹತ್ತಿರ 200 ಗ್ರಾಂ ಏರಬೇಕು. ನನ್ನದು ಏರಲಿಲ್ಲ. ಆದರೂ ಒದೆಯುತ್ತಿತ್ತು, ಏಕೆಂದರೆ ಒದೆಯ ಜೋರಿಗೂ ಕೂಸಿನ ತೂಕಕ್ಕೂ ನೇರ ಲೆಕ್ಕವಿಲ್ಲ. ಉಸಿರಿಗೇ ಕೊರತೆ ಬಂದಾಗ ಮಾತ್ರ ಅದು ಇದ್ದ ಶಕ್ತಿಯನ್ನು ಉಳಿಸಿಕೊಳ್ಳಲು ಕೈಕಾಲು ಆಡಿಸುವುದನ್ನು ಬಿಟ್ಟಿತ್ತು. ನಾನು ಸುಖವಾಗಿ ಮಲಗಿದ ಆ ಎರಡು ರಾತ್ರಿ ಅದು ಮಾಡುತ್ತಿದ್ದದ್ದು ಆ ಉಳಿತಾಯ. ಜಾಗ ಸಾಲದ್ದಕ್ಕೆ ಕೂಸು ಸುಮ್ಮನಾಗುತ್ತದೆ ಎಂಬ ಅಜ್ಜಿಯ ಮಾತೂ ಸುಳ್ಳು. ಕಡೆಯಲ್ಲಿ ಒದೆ ಹೋಗಿ ಹೊರಳಾಟ, ಒತ್ತಾಟ ಆಗಬಹುದೇ ಹೊರತು, ದಿನದ ಲೆಕ್ಕ ಇಳಿಯುವುದಿಲ್ಲ.

ಇದಕ್ಕೆ ವಿರುದ್ಧವಾದದ್ದೂ ನಮ್ಮ ಮನೆಯಲ್ಲೇ ಆಯಿತು. ನನ್ನ ತಂಗಿಯ ಬಸುರಿನಲ್ಲಿ ಒದೆಯೆಂಬುದು ಇದೆಯೋ ಇಲ್ಲವೋ ಎಂಬಷ್ಟು ಮೆತ್ತಗೆ. ಎಲ್ಲರಿಗಿಂತ ಹೆಚ್ಚು ಹೆದರಿದವಳು ನಾನು. ಸ್ಕ್ಯಾನಿಂಗಿನಲ್ಲಿ ಮಾಸು ಹೊಟ್ಟೆಯ ಮುಂಭಾಗಕ್ಕೇ ಅಂಟಿಕೊಂಡು ದಿಂಬಿನ ಹಾಗೆ ಅಡ್ಡ ನಿಂತಿರುವುದು ಕಂಡಿತು. ಹುಟ್ಟಿದ ಗಂಡು ಮೂರೂವರೆ ಕಿಲೋ.

ಅಜ್ಜಿಗೆ ನಾನು ಏನೂ ಹೇಳಲಿಲ್ಲ, ಯಾರೋ ಹೇಳಿದ್ದರು. ನಾವು ಮನೆಗೆ ಬಂದ ದಿನದಿಂದ ಅವರು ಕೂಸನ್ನು ತೊಟ್ಟಿಲಿಗೆ ಬಿಡಲಿಲ್ಲ. ಸೆರಗಿನೊಳಗೆ ಎದೆಗೊತ್ತಿಕೊಂಡು, ಮೇಲೊಂದು ಹಳೆ ಸೀರೆ ಸುತ್ತಿ, ಒಲೆ ಹತ್ತಿರ ಕೂತಿರುತ್ತಿದ್ದರು. ಹಾಲಿಗೆ ಮಾತ್ರ ನನ್ನ ಕೈಗೆ. (ಕಡಿಮೆ ತೂಕದ ಕೂಸುಗಳನ್ನು ಹೀಗೆ ಎದೆಗವಚಿ ಬೆಳೆಸುವುದನ್ನು ದಕ್ಷಿಣ ಅಮೆರಿಕದ ಬೊಗೊಟಾ ನಗರದ ವೈದ್ಯರು 1970ರ ದಶಕದ ಕೊನೆಯಲ್ಲೇ ರೂಢಿಗೆ ತಂದಿದ್ದರೆಂದು ಎಷ್ಟೋ ವರ್ಷದ ಮೇಲೆ ಓದಿದೆ. ಅಜ್ಜಿಗೆ ಬೊಗೊಟಾ ಗೊತ್ತಿರಲಿಲ್ಲ.)

ಆ ಕೂಸು 2022ರಲ್ಲಿ ಎಂಟು ತಿಂಗಳ ಬಸುರಿಯಾಗಿ ಬೆಂಗಳೂರಿನಿಂದ ನನ್ನ ಮನೆಗೆ ಬಂದಳು. ಎಲ್ಲ ಸ್ಕ್ಯಾನಿಂಗ್ ಆಗಿತ್ತು, ಕೂಸಿನ ತೂಕ ಸರಿಯಾಗಿತ್ತು, ಒದೆಯನ್ನು ಲೆಕ್ಕ ಹಾಕಲು ಮೊಬೈಲಿನಲ್ಲಿ ಏನೋ ಇತ್ತು. ಎದೆಬಡಿತ ಕೇಳುವ ಯಂತ್ರವೊಂದನ್ನೂ ತರಿಸಲು ಹೊರಟಿದ್ದಳು. ಅವಳ ಡಾಕ್ಟರೇ ಬೇಡವೆಂದರಂತೆ. ಮನೆಯಲ್ಲಿ ಬಡಿತ ಕೇಳಿಸಿತೆಂದು ಸಮಾಧಾನ ಮಾಡಿಕೊಂಡು ಆಸ್ಪತ್ರೆಗೆ ಬರಬೇಕಾದವರು ಬರದೆ ಉಳಿಯುತ್ತಾರೆಂದು. ಅವಳಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಒಂದು ರಾತ್ರಿ ಮಾತ್ರ, ಸೊಂಟ ಹಿಡಿದುಕೊಂಡು ಹಾಸಿಗೆಯ ಮೇಲೆ ಕೂತವಳು, "ಒಂದೇ ಒಂದು ರಾತ್ರಿ ಇದು ಸುಮ್ನಿದ್ರೆ ಸಾಕಮ್ಮ, ನಿದ್ದೆ ಮಾಡ್ತೀನಿ" ಎಂದಳು.

ನನ್ನ ಕೈಯಲ್ಲಿದ್ದ ಹಾಲಿನ ಲೋಟ ಮೇಜಿನ ಮೇಲಿಡಬೇಕಾಯಿತು. ಮೂವತ್ತಮೂರು ವರ್ಷ ಅವಳಿಗೆ ಲೋಟ ಬಿದ್ದ ಕಥೆಯನ್ನಷ್ಟೇ ಹೇಳಿದ್ದೆ. ನಿದ್ದೆಯ ಕಥೆ ಹೇಳಿರಲಿಲ್ಲ. ಅಂದು ಹೇಳಿದೆ. ಅಜ್ಜಿಯ ಮಾತಿನ ಮೇಲೆ ಹಾಕದೆ, ನನಗೆ ಹಾಯಾಗಿತ್ತು, ಅದಕ್ಕೇ ಎರಡು ದಿನ ಸುಮ್ಮನಿದ್ದೆ ಎಂದೇ ಹೇಳಿದೆ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಪಾಪ, ಅಷ್ಟು ದಿನದ ಮೇಲೆ ನಿದ್ದೆ ಬಂದಿತ್ತು ನಿಂಗೆ" ಎಂದಳು. ಹೇಳಿ ಎಡಮಗ್ಗುಲಿಗೆ ಮಲಗಿ, ನನ್ನ ಕೈಯನ್ನೆಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಗೋಡೆ ಗಡಿಯಾರ ಒಂಬತ್ತೂ ಹತ್ತು ತೋರಿಸುತ್ತಿತ್ತು. ಮೊದಲು ಏನೂ ಇಲ್ಲ. ಕೂಸುಗಳೂ ಒಳಗೆ ಒಮ್ಮೆಗೆ ಇಪ್ಪತ್ತು ನಲವತ್ತು ನಿಮಿಷ ನಿದ್ದೆ ಮಾಡುತ್ತವೆಂದು ಗೊತ್ತಿದ್ದೂ ನನ್ನ ಬಾಯಿ ಒಣಗಿತು. ಆಮೇಲೆ ಟಕ್ ಟಕ್ ಎಂದು ಒಂದೇ ತಾಳದಲ್ಲಿ ಬಂತು. "ಅದು ಬಿಕ್ಕಳಿಕೆ ಅಮ್ಮ, ಲೆಕ್ಕಕ್ಕಿಲ್ಲ" ಎಂದಳು. ಅದು ನಿಂತ ಮೇಲೆ ನನ್ನ ಅಂಗೈಯ ನಡುವಿಗೇ ಒಂದು ಒದೆ ಬಿತ್ತು. ಒಂದು, ಎಂದೆ. ಹೊರಳಿದ್ದಕ್ಕೆ ಎರಡು.

ನಡುವೆ ಎಲ್ಲೋ ಅವಳಿಗೆ ಜೊಂಪು ಹತ್ತಿತೆಂದುಕೊಂಡೆ. ಕಣ್ಣು ಮುಚ್ಚಿಕೊಂಡೇ ಇದ್ದಳು. ನಾನು ಎಂಟು ಎಂದೆನೋ ಒಂಬತ್ತೋ, ನನಗೇ ತಪ್ಪಿತು.

"ಹತ್ತಾಯ್ತು ಅಮ್ಮ" ಎಂದಳು. "ಹೋಗು, ಮಲ್ಕೋ."