ಒಟ್ಟಿಗೆ ಬೇಕಾ, ಕಂತಲ್ಲಿ ಬೇಕಾ?

ಕರ್ನಾಟಕದಲ್ಲಿ ಲಾಟರಿ ನಿಂತಿದ್ದು 2007ರಲ್ಲಿ. ಹಾಗಾಗಿ ಇದನ್ನು ಓದ್ತಿರೋ ನಿಮ್ಮಲ್ಲಿ ಬಹಳಷ್ಟು ಜನಕ್ಕೆ ಲಾಟರಿ ಅಂದ್ರೆ ಬಸ್‌ಸ್ಟ್ಯಾಂಡ್ ಪಕ್ಕದ ಗೂಡಂಗಡಿಯಲ್ಲಿ ಕ್ಲಿಪ್ ಹಾಕಿ ನೇತುಬಿಟ್ಟಿದ್ದ ಬಣ್ಣದ ಕಾಗದಗಳ ಮಸುಕು ನೆನಪು, ಅಷ್ಟೇ. ಬಂಪರ್ ಹೊಡೆದರೆ ಏನಾಗುತ್ತೆ ಅಂತ ಕೇಳಿದ್ರೆ ಎಲ್ಲರ ಕಲ್ಪನೆಯೂ ಒಂದೇ: ಮೇಜಿನಗಲದ ಚೆಕ್ಕು, ಕೊರಳಿಗೆ ಹಾರ, ಮಾರನೇ ದಿನ ರಾಜೀನಾಮೆ.

ಅಮೆರಿಕದಲ್ಲಿ ಮಾತ್ರ ಗೆದ್ದವರಿಗೆ ಚೆಕ್ಕಿಗಿಂತ ಮೊದಲು ಒಂದು ಪ್ರಶ್ನೆ ಸಿಗುತ್ತೆ. ದುಡ್ಡು ಒಟ್ಟಿಗೆ ಬೇಕಾ, ಇಲ್ಲಾ ವರ್ಷಕ್ಕೊಂದು ಕಂತಿನಂತೆ ಬೇಕಾ? ಹಲವು ರಾಜ್ಯಗಳಲ್ಲಿ ಯೋಚನೆ ಮಾಡೋಕೆ 60 ದಿನ ಕೊಡ್ತಾರೆ. ಒಮ್ಮೆ ಸಹಿ ಹಾಕಿದ ಮೇಲೆ ಮುಗೀತು, ಬದಲಾಯಿಸೋ ಹಾಗಿಲ್ಲ.

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು 2022ರ ನವೆಂಬರಿನಲ್ಲಿ. ಆಗ ನಾನು ಪ್ರಾಜೆಕ್ಟ್ ಮೇಲೆ ನ್ಯೂಜೆರ್ಸಿಯಲ್ಲಿದ್ದೆ. ಪವರ್‌ಬಾಲ್ ಬಹುಮಾನ ವಾರಗಟ್ಟಲೆ ಯಾರಿಗೂ ಸಿಗದೆ ಬೆಳೀತಾ ಬೆಳೀತಾ ಕೊನೆಗೆ 204 ಕೋಟಿ ಡಾಲರ್ ಮುಟ್ಟಿತು. ಆಫೀಸಲ್ಲಿ ಹನ್ನೊಂದು ಜನ ತಲಾ ಹತ್ತು ಡಾಲರ್ ಹಾಕಿ, ಎರಡು ಡಾಲರಿಗೊಂದರಂತೆ ಐವತ್ತೈದು ಟಿಕೆಟ್ ತಗೊಂಡ್ವಿ. ಒಂದು ಟಿಕೆಟ್ಟಿಗೆ ಬಂಪರ್ ಹೊಡೆಯೋ ಸಾಧ್ಯತೆ ಸುಮಾರು 29 ಕೋಟಿಯಲ್ಲಿ ಒಂದು. ಅದು ಗೊತ್ತಿದ್ದೂ ಊಟದ ಹೊತ್ತಲ್ಲಿ ಗೆದ್ದವರ ಥರಾನೇ ಜಗಳ ಆಡಿದ್ವಿ.

ಜಗಳಕ್ಕೆ ಕಾರಣ ಇತ್ತು. ಬೋರ್ಡಿನಲ್ಲಿ ಮಿಂಚೋ ದೊಡ್ಡ ಸಂಖ್ಯೆ ಇದೆಯಲ್ಲ, ಅದು ಕಂತಿನ ಲೆಕ್ಕ. ಮೂವತ್ತು ಕಂತು, ಮೊದಲನೆಯದು ತಕ್ಷಣ, ಉಳಿದದ್ದು 29 ವರ್ಷಗಳಲ್ಲಿ, ಪ್ರತಿ ಕಂತೂ ಹಿಂದಿನದಕ್ಕಿಂತ ಶೇ. 5 ಹೆಚ್ಚು. ಅವತ್ತಿನ 204 ಕೋಟಿಗೆ ಲೆಕ್ಕ ಹಾಕಿದ್ರೆ ಮೊದಲ ಕಂತು ಸುಮಾರು 3 ಕೋಟಿ ಡಾಲರ್, ಕೊನೆಯದು 12 ಕೋಟಿಗೂ ಮೇಲೆ. ಒಟ್ಟಿಗೆ ಬೇಕು ಅಂದ್ರೆ ಸಿಗ್ತಿದ್ದಿದ್ದು 99.76 ಕೋಟಿ. ಅರ್ಧಕ್ಕಿಂತ ಕಡಿಮೆ!

'ಅಯ್ಯೋ, ಅರ್ಧ ನುಂಗ್ತಾರಾ?' ಅಂತ ನಮ್ಮ ಟೀಮಿನ ಗುಂಟೂರಿನ ಹುಡುಗ ಕೂಗಿದ. ಯಾರೂ ನುಂಗಲ್ಲ. ಲಾಟರಿಯವರ ಬಹುಮಾನದ ಹುಂಡಿಯಲ್ಲಿ ನಿಜಕ್ಕೂ ಇರೋದೇ ಆ 99.76 ಕೋಟಿ. ನೀವು ಕಂತು ಅಂದ್ರೆ ಅದನ್ನ ಸರ್ಕಾರಿ ಬಾಂಡುಗಳಲ್ಲಿ ಹಾಕಿ, ಬಡ್ಡಿ ಸಮೇತ ಮೂವತ್ತು ಸಲ ಕೊಡ್ತಾರೆ. ಬಡ್ಡಿ ದರ ಏರಿದ್ರೆ ಬೋರ್ಡಿನ ಸಂಖ್ಯೆ ಉಬ್ಬುತ್ತೆ, ಹುಂಡಿ ಹಾಗೇ ಇರುತ್ತೆ. 2016ರ ಜನವರಿಯಲ್ಲಿ ಬೋರ್ಡಲ್ಲಿ ಇದ್ದಿದ್ದು 158.6 ಕೋಟಿ, ಆಗಿನ ಒಟ್ಟು ಮೊತ್ತ 98.35 ಕೋಟಿ. ಆರು ವರ್ಷದ ನಂತರ ಕೈಗೆ ಸಿಗೋ ದುಡ್ಡು ಹೆಚ್ಚುಕಡಿಮೆ ಅಷ್ಟೇ, ಬೋರ್ಡಿನ ಮೇಲೆ ಮಾತ್ರ 45 ಕೋಟಿ ಜಾಸ್ತಿ. ನಡುವೆ ಬದಲಾಗಿದ್ದು ಬಡ್ಡಿ ದರ.

ಎಕ್ಸೆಲ್ ತೆಗೆದು ನೋಡಿದೆ. ಕಂತು ತಗೊಂಡ್ರೆ ನಿಮ್ಮ ದುಡ್ಡು ವರ್ಷಕ್ಕೆ ಸುಮಾರು ನಾಲ್ಕೂವರೆ ಪರ್ಸೆಂಟ್ ಬೆಳೆದ ಹಾಗೆ. ಷೇರು ಮಾರುಕಟ್ಟೆಯ ದೀರ್ಘಕಾಲದ ಸರಾಸರಿ ಅದಕ್ಕಿಂತ ಚೆನ್ನಾಗೇ ಇದೆ. ತೆರಿಗೆಯೂ ಅಷ್ಟೇ, ಈ ಮಟ್ಟದ ದುಡ್ಡಿಗೆ ಹೇಗೆ ತಗೊಂಡ್ರೂ ಕೇಂದ್ರದ ಮೇಲ್ಮಟ್ಟದ ದರ ಶೇ. 37 ತಪ್ಪಲ್ಲ. ಹಾಗಾಗಿ 'ಒಟ್ಟಿಗೆ ತಗೋ, ಇಂಡೆಕ್ಸ್ ಫಂಡಿಗೆ ಹಾಕು, ಸುಮ್ನಿರು' ಅನ್ನೋದು ನಮ್ಮ ಮೇಜಿನ ತೀರ್ಪಾಯ್ತು. ಗೆದ್ದವರಲ್ಲಿ ಬಹುತೇಕರು ಮಾಡೋದೂ ಅದನ್ನೇ. ಆ ಸಲ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾದ ಒಂದೇ ಟಿಕೆಟ್ಟಿಗೆ ಬಂಪರ್ ಬಂತು, ಗೆದ್ದವರೂ ಒಟ್ಟಿಗೇ ತಗೊಂಡ್ರು.

ಮೇಜಲ್ಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಟೆಸ್ಟಿಂಗ್ ಟೀಮಿನ ಹಿರಿಯ ಅಮೆರಿಕನ್ ಹೆಂಗಸು. 'ನನಗೆ ಕಂತೇ ಬೇಕು' ಅಂದ್ರು. ಯಾಕೆ ಅಂತ ಕೇಳಿದ್ವಿ. 'ನನಗೆ ಮೂವರು ತಮ್ಮಂದಿರಿದ್ದಾರೆ' ಅಂದು ಸ್ಯಾಂಡ್‌ವಿಚ್ ತಿನ್ನೋದು ಮುಂದುವರಿಸಿದ್ರು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಅಪ್ಪ ನೆನಪಾದ್ರು.

2008ರಲ್ಲಿ ನಮ್ಮೂರ ಕೆರೆ ಪಕ್ಕದ ಎರಡೆಕರೆ ಬೈಪಾಸ್ ರಸ್ತೆಗೆ ಹೋಯ್ತು. ಪರಿಹಾರ 22 ಲಕ್ಷ, ಒಂದೇ ಚೆಕ್ಕು. ಅಪ್ಪ ಅಷ್ಟು ದುಡ್ಡನ್ನ ಜೀವಮಾನದಲ್ಲಿ ನೋಡಿರಲಿಲ್ಲ. ದುಡ್ಡು ಬ್ಯಾಂಕಿಗೆ ಬಿದ್ದ ವಾರಕ್ಕೇ ಊರಿಗೆಲ್ಲ ಗೊತ್ತಾಯ್ತು. ಚಿಕ್ಕಪ್ಪನ ಬೋರ್‌ವೆಲ್ಲು, ಅತ್ತೆಯ ಮಗಳ ಮದುವೆ, ಪಕ್ಕದ ಮನೆಯವರ ಟ್ರ್ಯಾಕ್ಟರ್ ಕಂತು, ದೇವಸ್ಥಾನದ ಗೋಪುರ. ಎಲ್ಲವೂ ನಿಜವಾದ ಕಷ್ಟಗಳೇ, ಕೇಳಿದವರಲ್ಲಿ ಮೋಸಗಾರರು ಯಾರೂ ಇರಲಿಲ್ಲ. ಅಪ್ಪ ಕುಡೀಲಿಲ್ಲ, ಇಸ್ಪೀಟಾಡಲಿಲ್ಲ, ಒಂದು ಹೊಸ ಅಂಗಿಯನ್ನೂ ಹೊಲಿಸಲಿಲ್ಲ. ಬರೀ 'ಇಲ್ಲ' ಅನ್ನಲಿಲ್ಲ. ಮೂರು ವರ್ಷದಲ್ಲಿ ಪಾಸ್‌ಬುಕ್ಕಲ್ಲಿ ಉಳಿದಿದ್ದು ನಲವತ್ತು ಸಾವಿರ.

ಅದೇ ಮನೆಯಲ್ಲಿ ಅಮ್ಮನಿಗೆ ಸರ್ಕಾರಿ ಪ್ರೈಮರಿ ಶಾಲೆಯ ಪೆನ್ಶನ್ ಬರುತ್ತೆ. ಹದಿಮೂರು ವರ್ಷದಿಂದ ಪ್ರತಿ ತಿಂಗಳೂ. ಕೂಡಿಸಿದ್ರೆ ಅಪ್ಪನ ಚೆಕ್ಕಿಗಿಂತ ಎಷ್ಟೋ ದೊಡ್ಡ ಮೊತ್ತ. ಆದ್ರೆ ಇವತ್ತಿನವರೆಗೆ ಯಾವ ನೆಂಟರೂ ಅಮ್ಮನ ಹತ್ರ ಬೋರ್‌ವೆಲ್ಲಿಗೆ ದುಡ್ಡು ಕೇಳಿಲ್ಲ. ಪೆನ್ಶನ್ನನ್ನ ಯಾರೂ 'ದುಡ್ಡು' ಅಂತ ನೋಡೋದೇ ಇಲ್ಲ. ಅದು ಅಕ್ಕಿ, ಗ್ಯಾಸು, ಬಿ.ಪಿ. ಮಾತ್ರೆ. ಕೊನೆಗೆ ಅಪ್ಪನ ಡಯಾಲಿಸಿಸ್ಸೂ ಅದರಲ್ಲೇ ನಡೀತು.

ಎಕ್ಸೆಲ್ಲಿನಲ್ಲಿ ಇಲ್ಲದ ಕಾಲಮ್ಮು ಇದೇ. ಒಟ್ಟಿಗೆ ಬಂದ ದುಡ್ಡಿಗೆ 'ಇಲ್ಲ' ಅನ್ನೋ ಕೆಲಸ ನಿಮ್ಮದು, ಪ್ರತಿ ದಿನ, ಪ್ರತಿ ಫೋನಿಗೆ. ಕಂತಿನ ದುಡ್ಡಿಗೆ ಆ ಕೆಲಸವನ್ನ ಇನ್ಯಾರೋ ಮಾಡ್ತಾರೆ. ನಾಲ್ಕೂವರೆ ಪರ್ಸೆಂಟ್ ಕಡಿಮೆ ಅನ್ಸಬಹುದು, ಆದರೆ ಅದರ ಜೊತೆಗೆ ಒಬ್ಬ ನಿಷ್ಠುರದ ಗುಮಾಸ್ತ ಫ್ರೀಯಾಗಿ ಸಿಗ್ತಾನೆ. ದಾಕ್ಷಿಣ್ಯ ಅನ್ನೋ ಪದವನ್ನ ಹುಟ್ಟಿಸಿಕೊಂಡ ನಮ್ಮಂಥವರಿಗೆ ಆ ಗುಮಾಸ್ತನ ಬೆಲೆ ಎಷ್ಟು?

ನಮ್ಮ ದೇಶದಲ್ಲಿ ಈ ಆಯ್ಕೆ ಸಿಗೋದೇ ಅಪರೂಪ. ಕೇರಳ ಲಾಟರಿ ಕೊಡೋದು ಒಟ್ಟಿಗೇ. 2024ರ ಓಣಂ ಬಂಪರ್ 25 ಕೋಟಿ ಬಂದಿದ್ದು ಕರ್ನಾಟಕದವರಿಗೇ. ಅದರಲ್ಲಿ ಶೇ. 10 ಏಜೆಂಟ್ ಕಮಿಷನ್, ಉಳಿದದ್ದರಲ್ಲಿ ಶೇ. 30 ಟಿಡಿಎಸ್ ಕಳೆದು 15.75 ಕೋಟಿ, ಸರ್‌ಚಾರ್ಜು, ಸೆಸ್ಸು ಆಮೇಲೆ ಬೇರೆ. ಗೆದ್ದವರ ಮನೆ ಮುಂದೆ ಕೇಳೋರ ಸಾಲು ನಿಲ್ಲೋದನ್ನ ನೋಡಿ ನೋಡಿ, ಕೇರಳ ಸರ್ಕಾರವೇ ಬಹುಮಾನ ಗೆದ್ದವರಿಗೆ ದುಡ್ಡು ನೋಡಿಕೊಳ್ಳೋ ತರಬೇತಿ ಶುರುಮಾಡಿತು. ಒಳ್ಳೇ ಕೆಲಸ. ಆದ್ರೆ ತರಬೇತಿಯಲ್ಲಿ ಮ್ಯೂಚುವಲ್ ಫಂಡ್ ಹೇಳಿಕೊಡಬಹುದು, ಅಣ್ಣನಿಗೆ 'ಇಲ್ಲ' ಅನ್ನೋದನ್ನ ಹೇಳಿಕೊಡೋಕಾಗುತ್ತಾ?

ಆಯ್ಕೆ ಕೊಟ್ಟ ಕಡೆಯೂ ಒಂದು ತಮಾಷೆ ಇದೆ. 2013ರ ಭೂಸ್ವಾಧೀನ ಕಾನೂನಿನಲ್ಲಿ ಜಮೀನಿನ ಬೆಲೆಯ ಜೊತೆಗೆ, ನೆಲೆ ಕಳಕೊಂಡ ಕುಟುಂಬಕ್ಕೆ ಪುನರ್ವಸತಿ ಅಂತ ಮೂರು ದಾರಿ ಇವೆ: ಒಂದು ಕೆಲಸ, ಇಲ್ಲಾ ಒಂದೇ ಸಲ 5 ಲಕ್ಷ, ಇಲ್ಲಾ ಇಪ್ಪತ್ತು ವರ್ಷ ತಿಂಗಳಿಗೆ ಕನಿಷ್ಠ 2,000 ರೂಪಾಯಿ. ಗುಣಿಸಿ ನೋಡಿ. ಇಪ್ಪತ್ತು ವರ್ಷಕ್ಕೆ 4.8 ಲಕ್ಷ! ಬೆಲೆಯೇರಿಕೆಗೆ ತಕ್ಕಂತೆ ಕಂತು ಏರುತ್ತೆ ಅಂತ ಇದೆ, ನಿಜ. ಆದರೂ 5 ಲಕ್ಷ ಬ್ಯಾಂಕಲ್ಲಿಟ್ರೆ ಆರು ಪರ್ಸೆಂಟಿಗೇ ತಿಂಗಳಿಗೆ 2,500 ಬರುತ್ತೆ, ಅಸಲು ಉಳಿಯುತ್ತೆ. ಈ ಲೆಕ್ಕ ನೋಡಿದ ರೈತ ಕಂತು ಕೇಳ್ತಾನಾ? ಕಂತಿನ ಗುಮಾಸ್ತನನ್ನ ಇಟ್ಟರು, ಸಂಬಳ ಮಾತ್ರ ಅವನ ಯಜಮಾನನಿಂದಲೇ ಕಿತ್ತುಕೊಂಡರು.

ಕಂತು ಎಲ್ಲರಿಗೂ ಸರಿ ಅಂತ ನಾನು ಹೇಳ್ತಿಲ್ಲ. ಎಪ್ಪತ್ತು ವರ್ಷದವರಿಗೆ ಮೂವತ್ತು ವರ್ಷದ ಕಂತು ಯಾಕೆ? ಸತ್ತರೆ ಉಳಿದದ್ದು ವಾರಸುದಾರರಿಗೆ ಹೋಗುತ್ತೆ, ಆದ್ರೆ ಕಾಶಿ ನೋಡಬೇಕಿದ್ದವರು ವಾರಸುದಾರರಲ್ಲವಲ್ಲ. ಇನ್ನು ಗುಮಾಸ್ತನನ್ನೂ ಕೊಳ್ಳಬಹುದು. ಮುಂದೆ ಬರೋ ಕಂತುಗಳನ್ನ ಕಡಿಮೆ ರೇಟಿಗೆ ಕೊಂಡು ಇವತ್ತೇ ಕ್ಯಾಶ್ ಕೊಡೋ ಕಂಪನಿಗಳು ಅಮೆರಿಕದಲ್ಲಿವೆ, ಟಿವಿಯಲ್ಲಿ ಜಾಹೀರಾತೂ ಬರುತ್ತೆ. ಹಾಗೇ, ಮುಖದ ಮೇಲೆ ಹೊಡೆದ ಹಾಗೆ 'ಆಗಲ್ಲ' ಅನ್ನೋ ಗಟ್ಟಿ ಜನ ಇದ್ದಾರೆ. ಅಂಥವರು ಧಾರಾಳವಾಗಿ ಒಟ್ಟಿಗೇ ತಗೊಳ್ಳಲಿ, ಲೆಕ್ಕ ಅವರ ಕಡೆಗೇ ಇದೆ.

ನಿಮಗೆ ಪವರ್‌ಬಾಲ್ ಹೊಡೆಯಲ್ಲ. ನಮಗೂ ಹೊಡೀಲಿಲ್ಲ, ಐವತ್ತೈದು ಟಿಕೆಟ್ಟಿಗೆ ನಾಲ್ಕು ಡಾಲರ್ ಬಂತು, ಅದರಲ್ಲಿ ಇನ್ನೆರಡು ಟಿಕೆಟ್ ತಗೊಂಡ್ವಿ. ಆದ್ರೆ ಇದೇ ಪ್ರಶ್ನೆ ಬೇರೆ ವೇಷದಲ್ಲಿ ನಿಮ್ಮ ಹತ್ರಾನೂ ಬರುತ್ತೆ. ಲೇಆಫ್ ಆದಾಗ ಕೈಗೆ ಬರೋ ಸೆವೆರೆನ್ಸ್, ಕೆಲಸ ಬಿಟ್ಟಾಗ ಪಿಎಫ್, ಅಪ್ಪ ಅಮ್ಮನ ಗ್ರಾಚ್ಯುಟಿ, ಸೈಟು ಮಾರಿದ ದುಡ್ಡು. ಆಗ ಬಡ್ಡಿ ದರ ನೋಡೋಕೆ ಮುಂಚೆ ಒಂದು ಹಾಳೆಯಲ್ಲಿ ನೀವು 'ಇಲ್ಲ' ಅನ್ನೋಕಾಗದ ಜನರ ಹೆಸರು ಬರೀರಿ. ಪಟ್ಟಿ ಎರಡು ಸಾಲು ದಾಟಿದ್ರೆ ಕಂತಿನ ಕಡೆ ಯೋಚಿಸಿ. ನನ್ನದು ಒಂಬತ್ತು ಸಾಲು.

ಕಳೆದ ವರ್ಷ ಅಜ್ಜನ ಕಾಲದ ಮನೆ ಮಾರಿ ಅಮ್ಮನ ಪಾಲಿಗೆ 26 ಲಕ್ಷ ಬಂತು. ಫಂಡಿಗೆ ಹಾಕಿದ್ರೆ ಹೆಚ್ಚು ಬರುತ್ತೆ ಅಂತ ನಾನೇ ಲೆಕ್ಕ ತೋರಿಸಿದೆ, ಆಮೇಲೆ ಆ ಹಾಳೆಯನ್ನ ಮಡಚಿಟ್ಟು ಪೋಸ್ಟಾಫೀಸಿಗೆ ಕರ್ಕೊಂಡು ಹೋದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆ, ಶೇ. 8.2, ಐದು ವರ್ಷ, ಮೂರು ತಿಂಗಳಿಗೊಮ್ಮೆ ಬಡ್ಡಿ. ದಂಡ ಕಟ್ಟಿದ್ರೆ ಮಧ್ಯದಲ್ಲಿ ತೆಗೀಬಹುದು ಅಂತ ಕೌಂಟರಿನವರು ಹೇಳಿದ್ದನ್ನ ಅಮ್ಮ ಗಮನವಿಟ್ಟು ಕೇಳಿಸ್ಕೊಂಡ್ರು.

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರಂತೆ. 'ಅಯ್ಯೋ, ಅದೆಲ್ಲ ಪೋಸ್ಟಾಫೀಸಲ್ಲಿ ಐದು ವರ್ಷಕ್ಕೆ ಬೀಗ ಬಿದ್ದೋಗಿದೆ ಕಣಪ್ಪ, ನನ್ನ ಕೈಲಿ ಏನಿದೆ' ಅಂದರಂತೆ ಅಮ್ಮ. ದಂಡದ ವಿಷಯ ಹೇಳಲಿಲ್ವಾ ಅಂತ ಕೇಳಿದೆ.

'ಅವನು ಕೇಳಲಿಲ್ಲ' ಅಂದ್ರು.