ತಾಳಗುಂದದಲ್ಲಿ ನೆನೆದ ಒಂದು ಪಾಠ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಯಾತ್ರಿಕನು ಶಿರಾಳಕೊಪ್ಪದ ಸಮೀಪದ ತಾಳಗುಂದವನ್ನು ನೋಡದೆ ಮುಂದುವರಿಯಬಾರದು. ಕದಂಬರ ಕೀರ್ತಿಯನ್ನು ಸಂಸ್ಕೃತದಲ್ಲಿ ಸಾರುವ ಶಿಲಾಸ್ತಂಭವು ಪ್ರಣವೇಶ್ವರನ ಗುಡಿಯ ಮುಂದಿದೆ. ಇದು ಹಿಂದೆ ಪ್ರಸಿದ್ಧವಾಗಿದ್ದ ಅಗ್ರಹಾರ. ಗುರುವು ನುಡಿದುದನ್ನು ವಟುಗಳು ಮರಳಿ ಒಪ್ಪಿಸುತ್ತಿದ್ದ ಸ್ಥಳ. ಆ ಪದ್ಧತಿಯನ್ನು ನಾನೇ ಗಿಳಿಪಾಠವೆಂದು ಹಳಿದದ್ದುಂಟು.

2023ರಲ್ಲಿ ಶಿವಮೊಗ್ಗೆಯ ಸೋಗಾನೆಯಲ್ಲಿ ವಿಮಾನನಿಲ್ದಾಣವು ತೆರೆದ ಬಳಿಕ ಕುತೂಹಲದಿಂದ ವಿಮಾನಯಾನದ ಪರಿಭಾಷೆಯನ್ನು ಕಲಿಯತೊಡಗಿದೆನು. ರನ್‌ವೇಯ ಅಂಕೆಯು ದಿಕ್ಕನ್ನು ಸೂಚಿಸುತ್ತದೆ: 09 ಪೂರ್ವ, 27 ಪಶ್ಚಿಮ. ರೇಡಿಯೋದಲ್ಲಿ ಬಂದ ಮುಖ್ಯ ಅಪ್ಪಣೆಯನ್ನು ಚಾಲಕನು ಮರಳಿ ಒಪ್ಪಿಸಲೇಬೇಕು. 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ, ಮಂಜಿನೊಡನೆ ಮಾತಿನ ತಪ್ಪು ಗ್ರಹಿಕೆಯೂ ಕೂಡಿ, ಎರಡು ವಿಮಾನಗಳು ಡಿಕ್ಕಿ ಹೊಡೆದು 583 ಜನರು ಮಡಿದರು.

ಈಚೆಗೆ ಮತ್ತೆ ಆ ಸ್ತಂಭದೆದುರು ನಿಂತಾಗ ಅಂದಿನ ವಟುಗಳಲ್ಲಿ ಮನಸ್ಸಿನಲ್ಲಿಯೇ ಕ್ಷಮೆ ಬೇಡಿದೆನು.