ನಾಲ್ಕೂವರೆ ಗಂಟೆಯ ನಂತರದ ಶಾಲೆ

ಏಪ್ರಿಲ್ ಬಂತೆಂದರೆ ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಬಿಸಿಲಿನ ಜೊತೆಗೆ ವಸತಿ ಶಾಲೆಗಳ ಬ್ಯಾನರುಗಳೂ ಏಳುತ್ತವೆ. ಬಸ್ ಸ್ಟ್ಯಾಂಡಿನ ಕಂಬ, ಕಿರಾಣಿ ಅಂಗಡಿಯ ಗೋಡೆ, ಟಂಟಂನ ಹಿಂಬದಿ, ಎಲ್ಲಿ ನೋಡಿದರೂ ಟೈ ಕಟ್ಟಿಕೊಂಡ ಮಕ್ಕಳ ಫೋಟೊ. ಕೆಳಗೆ ನವೋದಯಕ್ಕೆ ಇಷ್ಟು ಮಂದಿ, ಸೈನಿಕ ಶಾಲೆಗೆ ಇಷ್ಟು ಮಂದಿ, ಮೊರಾರ್ಜಿಗೆ ಇಷ್ಟು ಮಂದಿ ಎಂಬ ಲೆಕ್ಕ. ಬ್ಯಾನರಿನಲ್ಲಿ ಸಂಸ್ಥೆಯ ಅಧ್ಯಕ್ಷರಿರುತ್ತಾರೆ, ಕಾರ್ಯದರ್ಶಿ ಇರುತ್ತಾರೆ, ಒಮ್ಮೊಮ್ಮೆ ಶಾಸಕರೂ ಇರುತ್ತಾರೆ. ರಾತ್ರಿ ಮಕ್ಕಳ ಕೋಣೆಯ ಪಕ್ಕದಲ್ಲಿ ಮಲಗುವ ವಾರ್ಡನ್ ಮಾತ್ರ ಇರುವುದಿಲ್ಲ.

ಈ ಸಲ ನಾವು ಬರೆಯಬೇಕೆಂದಿರುವುದು ಅವರ ಬಗ್ಗೆ, ಮತ್ತು ಅವರ ಕೈಯಲ್ಲಿ ಬೆಳೆಯುವ ನಮ್ಮ ಊರುಗಳ ಮಕ್ಕಳ ಬಗ್ಗೆ.

ನಾವು ಯಾರು ಅಂತ ಮೊದಲು ಹೇಳಿಬಿಡುತ್ತೇವೆ. ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ, ಜಿಲ್ಲೆಯ ಸುದ್ದಿ ಕಳಿಸುವ ಅರೆಕಾಲಿಕ ವರದಿಗಾರರು. ಅದಕ್ಕೂ ಮೊದಲು, ಇಂಥದೇ ಒಂದು ಖಾಸಗಿ ವಸತಿ ಶಾಲೆಯಲ್ಲಿ ಆರನೇ ತರಗತಿಯಿಂದ ಹತ್ತರವರೆಗೆ ಐದು ವರ್ಷ ಕಳೆದವರು. ನವೋದಯದಲ್ಲಿ ಆರನೇ ತರಗತಿಗೆ ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು. ಪರೀಕ್ಷೆ ಬರೆಯುವವರು ಸಾವಿರಾರು. ಸೀಟು ಸಿಗದೆ ಉಳಿದವರಲ್ಲಿ ನಾವೂ ಇದ್ದೆವು. ಅಪ್ಪ ತೊಗರಿ ಮಾರಿ ಫೀ ಕಟ್ಟಿದರು. ಒಂದು ತಗಡಿನ ಟ್ರಂಕು, ಚಾಪೆ, ಕೌದಿ, ತಾಟು, ಲೋಟ, ಒಂದು ಡಬ್ಬಿ ಶೇಂಗಾ ಚಟ್ನಿ, ಒಂದು ಡಬ್ಬಿ ಉಂಡಿ. ಉಂಡಿ ಡಬ್ಬಿ ಮೊದಲ ರಾತ್ರಿಯೇ ಖಾಲಿಯಾಗಿತ್ತು. ಹೊಸಬರ ಡಬ್ಬಿ ಹಳಬರಿಗೆ ಸೇರಬೇಕು ಎಂಬುದು ಅಲ್ಲಿನ ಕಾನೂನು.

ಹೊರಗಿನವರಿಗೆ ವಸತಿ ಶಾಲೆ ಎಂದರೆ ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ನಾಲ್ಕೂವರೆ ಗಂಟೆಯವರೆಗಿನ ಶಾಲೆ. ಒಳಗಿದ್ದವರಿಗೆ ನಾಲ್ಕೂವರೆಯ ಮೇಲೆಯೇ ಅಸಲು ಶಾಲೆ ಶುರು. ಆಟ, ಸ್ನಾನಕ್ಕೆ ಸರದಿ, ಬಟ್ಟೆ ಒಗೆಯುವುದು, ಓದಲು ಕೂರುವುದು, ಊಟದ ಸಾಲು, ಆಮೇಲೆ ದೀಪ ಆರಿಸುವುದು. ದೀಪ ಆರಿದ ಮೇಲೆ ಹತ್ತು ವರ್ಷದ ಹುಡುಗ ಕೌದಿ ತಲೆ ಮೇಲೆ ಎಳೆದುಕೊಂಡು ಅಳುವುದು. ಮೊದಲ ತಿಂಗಳು ಅಳದವರು ನಮ್ಮ ಕೋಣೆಯಲ್ಲಿ ಯಾರೂ ಇರಲಿಲ್ಲ. ಒಬ್ಬ ಅತ್ತರೆ ಇನ್ನೊಬ್ಬ ಕೆಮ್ಮುತ್ತಿದ್ದ. ಅದು ‘ನಾನೂ ಎಚ್ಚರ ಇದ್ದೀನಿ’ ಅನ್ನುವ ಗುರುತು.

ನಮ್ಮ ಮೊದಲ ವಾರ್ಡನ್ ಸರ್‌ಗೆ ಇದೆಲ್ಲ ಗೊತ್ತಿತ್ತು. ಡಿ.ಎಡ್ ಮುಗಿಸಿ ಪಕ್ಕದ ತಾಲೂಕಿನಿಂದ ಬಂದವರು. ಹಗಲು ಗಣಿತ ಕಲಿಸುತ್ತಿದ್ದರು, ರಾತ್ರಿ ನಮ್ಮ ಕೋಣೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಮಲಗುತ್ತಿದ್ದರು. ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುವ ಹುಡುಗರು ಮೂರ್ನಾಲ್ಕು ಮಂದಿ ಇದ್ದರು. ಸರ್ ಹನ್ನೊಂದೂವರೆಗೆ ಬ್ಯಾಟರಿ ಹಿಡಿದು ಬಂದು, ಸದ್ದು ಮಾಡದೆ ಅವರ ಕಾಲು ಮುಟ್ಟಿ ಎಬ್ಬಿಸಿ, ಹೊರಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಆ ನಾಲ್ವರು ಯಾರು ಎಂದು ಕೋಣೆಯ ಉಳಿದವರಿಗೆ ವರ್ಷ ಮುಗಿದರೂ ಸರಿಯಾಗಿ ಗೊತ್ತಾಗಲಿಲ್ಲ. ಆ ಗುಟ್ಟು ಉಳಿಸಿದ್ದಕ್ಕೆ ಸರ್‌ಗೆ ಯಾವ ಪ್ರಶಸ್ತಿಯೂ ಬರಲಿಲ್ಲ.

ಮಳೆಗಾಲದಲ್ಲಿ ಹುರುಕು ಹತ್ತಿತು. ಹಾಸ್ಟೆಲಿನಲ್ಲಿ ಒಬ್ಬನಿಗೆ ಹುರುಕು ಬಂದರೆ ಅವನೊಬ್ಬನಿಗೆ ಮುಲಾಮು ಹಚ್ಚಿ ಪ್ರಯೋಜನವಿಲ್ಲ. ಕೋಣೆಯ ಎಲ್ಲರಿಗೂ ಒಂದೇ ದಿನ ಕುತ್ತಿಗೆಯಿಂದ ಪಾದದವರೆಗೆ ಹಚ್ಚಬೇಕು, ಬಟ್ಟೆ ಹಾಸಿಗೆಯನ್ನು ಬಿಸಿನೀರಿಗೆ ಹಾಕಿ ಒಣಗಿಸಬೇಕು. ಅಡುಗೆ ಮನೆಯ ಇಬ್ಬರು ಅಕ್ಕಂದಿರು ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ನಮ್ಮ ಅರವತ್ತು ಮಂದಿಯ ಚಾದರ ತೊಳೆದರು. ಅವರ ಕೆಲಸ ಬೆಳಿಗ್ಗೆ ನಾಲ್ಕಕ್ಕೆ ಉಪ್ಪಿಟ್ಟಿನಿಂದ ಶುರುವಾಗಿ ರಾತ್ರಿ ಒಂಬತ್ತಕ್ಕೆ ಪಾತ್ರೆಯಿಂದ ಮುಗಿಯುತ್ತಿತ್ತು. ಚಾದರ ತೊಳೆಯುವುದು ಅವರ ಕೆಲಸದಲ್ಲಿ ಸೇರಿರಲಿಲ್ಲ.

ಎಂಟನೇ ತರಗತಿಯಲ್ಲಿ ಒಂದು ದಿನ ಶಾಲೆಯೆದುರಿನ ಅಂಗಡಿಯ ಕಾಯಿನ್ ಬಾಕ್ಸಿಗೆ ಫೋನು ಬಂತು. ನಮ್ಮ ಗೆಳೆಯನೊಬ್ಬನ ಅಪ್ಪ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋದವರು, ಮೇಲಿನಿಂದ ಬಿದ್ದು ತೀರಿಕೊಂಡಿದ್ದರು. ಹುಡುಗನಿಗೆ ಹೇಳಬೇಕಾದವರು ವಾರ್ಡನ್ ಸರ್. ಅವರು ಅವನಿಗೆ ಮೊದಲು ಊಟ ಮಾಡಿಸಿದರು. ಆಮೇಲೆ “ಬಾ ತಮ್ಮಾ, ಊರಿಗೆ ಹೋಗಿ ಬರೋಣು” ಅಂದರು. ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಎರಡನೇ ಬಸ್ಸಿನಲ್ಲಿ, ಊರು ಹತ್ತಿರ ಬಂದಾಗ ಹೇಳಿದರಂತೆ. ಮೂರು ದಿನ ಅಲ್ಲೇ ಇದ್ದು ಮಣ್ಣು ಮುಗಿಸಿ ಬಂದರು. ಆಮೇಲೆ ಆ ಹುಡುಗ ಶಾಲೆ ಬಿಡದಂತೆ ಸಂಸ್ಥೆಯವರ ಜೊತೆ ಮಾತಾಡಿ ಫೀ ಕಡಿಮೆ ಮಾಡಿಸಿದರು. ಈಗ ಲೆಕ್ಕ ಹಾಕಿದರೆ ಆಗ ಸರ್‌ಗೆ ಇಪ್ಪತ್ತೈದೂ ತುಂಬಿರಲಿಲ್ಲ. ಇಂಥದನ್ನು ಹೇಗೆ ಹೇಳಬೇಕು ಎಂದು ಡಿ.ಎಡ್‌ನಲ್ಲಿ ಕಲಿಸುವುದಿಲ್ಲ.

ಮುಂದಿನ ಜೂನ್‌ನಲ್ಲಿ ನಾವು ಟ್ರಂಕು ಹೊತ್ತು ಬಂದಾಗ ಸರ್ ಇರಲಿಲ್ಲ. ಸರಕಾರಿ ನೌಕರಿ ಸಿಕ್ಕಿತ್ತು. ಅವರ ಜಾಗಕ್ಕೆ ಬಂದವರ ಕೈಯಲ್ಲಿ ಬೆತ್ತವಿತ್ತು. ಹಾಸಿಗೆ ಒದ್ದೆ ಮಾಡಿದವನು ಚಾಪೆಯನ್ನು ತಲೆ ಮೇಲೆ ಹೊತ್ತು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಲ್ಲಬೇಕು ಎಂಬ ಹೊಸ ಪದ್ಧತಿ ಬಂತು. ಹಿಂದಿನವರು ಉಳಿಸಿದ್ದ ಗುಟ್ಟು ಒಂದೇ ವಾರದಲ್ಲಿ ಬಯಲಾಯಿತು. ಇಬ್ಬರು ಶಾಲೆ ಬಿಟ್ಟರು. ಕಟ್ಟಡ ಅದೇ, ಫೀ ಅದೇ, ಬ್ಯಾನರೂ ಅದೇ. ಒಬ್ಬ ಮನುಷ್ಯ ಬದಲಾದ, ಶಾಲೆಯೇ ಬೇರೆಯಾಯಿತು.

ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ಭಾನುವಾರ ಭೇಟಿಗೆ ಬಂದ ಪಾಲಕರು ಗೇಟಿನಲ್ಲೇ “ಸರ್ರ, ಬಡೀರಿ ಬೇಕಾದ್ರ, ಕಲೀಲಿ” ಅಂತ ಅಪ್ಪಣೆ ಕೊಟ್ಟು ಒಳಗೆ ಬರುತ್ತಿದ್ದರು. ಅದನ್ನು ಕೇಳಿಸಿಕೊಂಡ ಮಗ ಆಮೇಲೆ ಏನು ಹೇಳಿಯಾನು?

ಈಗ ಹೊಡೆಯುವುದಕ್ಕೆ ಪಾಲಕರ ಅಪ್ಪಣೆ ನಡೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಚಾಪೆ ಹೊರಿಸಿ ನಿಲ್ಲಿಸುವುದೂ ಕಿರುಕುಳವೇ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ 2012ರ ಪೋಕ್ಸೊ ಕಾಯ್ದೆಯಲ್ಲಿ ಸಂಸ್ಥೆಯ ಮುಖ್ಯಸ್ಥರಿಗೇ ಶಿಕ್ಷೆಯಾಗುತ್ತದೆ. ‘ಶಾಲೆಯ ಮರ್ಯಾದೆ’ ಅಂತ ಮುಚ್ಚಿಡುವಂತಿಲ್ಲ.

ಆದರೆ ಕಾಯ್ದೆ ಓದಿ ಹೇಳಿ ಸುಮ್ಮನಾದರೆ ಅರ್ಧ ಮಾತಾಗುತ್ತದೆ. ಒಳ್ಳೆಯ ವಾರ್ಡನ್ ಯಾಕೆ ಉಳಿಯುವುದಿಲ್ಲ ಎಂಬುದನ್ನೂ ನೋಡಬೇಕು.

ನಮಗೆ ಪರಿಚಯದ ಒಬ್ಬ ವಾರ್ಡನ್ ಇದ್ದಾರೆ. ಬೆಳಿಗ್ಗೆ ಐದಕ್ಕೆ ಸೀಟಿ ಊದುತ್ತಾರೆ, ಹಗಲು ಪಾಠ ಮಾಡುತ್ತಾರೆ, ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ. ಹದಿನೇಳು ಗಂಟೆ. ಭಾನುವಾರ ರಜೆ ಇಲ್ಲ, ಅಂದು ಇನ್ನೂ ಹೆಚ್ಚು ಕೆಲಸ. ಅರವತ್ತು ಮಕ್ಕಳು ತಲಾ ಐದು ನಿಮಿಷ ಅವರ ಮೊಬೈಲಿನಲ್ಲಿ ಮನೆಗೆ ಮಾತಾಡಿದರೂ ಐದು ಗಂಟೆ ಹೋಯಿತು. ಊಟ, ಕೋಣೆ ಬಿಟ್ಟು ತಿಂಗಳಿಗೆ 11,000 ರೂಪಾಯಿ. ದಿನಕ್ಕೆ ಸುಮಾರು 366 ರೂಪಾಯಿ ಬಿತ್ತು. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ನೇಮಕಾತಿ ಪತ್ರ ಕೇಳಿದರೆ ‘ನಂಬಿಕೆ ಮೇಲೆ ನಡೀತದ’ ಎನ್ನುತ್ತಾರಂತೆ. ನಮ್ಮಂಥ ಅರೆಕಾಲಿಕ ವರದಿಗಾರರಿಗೂ ಈ ನಂಬಿಕೆ ಚೆನ್ನಾಗಿ ಪರಿಚಯ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಹಾಸ್ಟೆಲುಗಳು ಖಾಲಿಯಾದಾಗ ಈ ನಂಬಿಕೆಯ ಬೆಲೆ ಗೊತ್ತಾಯಿತು. ಖಾಸಗಿ ಶಾಲೆಯ ಎಷ್ಟೋ ಶಿಕ್ಷಕರು ತರಕಾರಿ ಮಾರಿದರು, ಖಾತ್ರಿ ಕೆಲಸಕ್ಕೆ ಬುಟ್ಟಿ ಹೊತ್ತರು. 2021ರಲ್ಲಿ ರಾಜ್ಯ ಸರಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಒಂದು ಸಲ 5,000 ರೂಪಾಯಿ ನೆರವು ಘೋಷಿಸಿತು. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ, ವಸತಿ ಶಾಲೆಯ ಅನೇಕ ಶಿಕ್ಷಕರು ರಾತ್ರಿ ಮಕ್ಕಳು ಮಲಗಿದ ಮೇಲೆ ಓದಲು ಕುಳಿತರು. ಅವರನ್ನು ದೂರುವಂತಿಲ್ಲ. ಅವರಿಗೂ ಮನೆಯಿದೆ, ಮದುವೆಯಿದೆ, ವಯಸ್ಸಾದ ಅವ್ವ-ಅಪ್ಪ ಇದ್ದಾರೆ.

ಶಾಲೆ ನಡೆಸುವವರ ಕಷ್ಟವೂ ಸುಳ್ಳಲ್ಲ. ನಮ್ಮ ಕಡೆ ಫೀ ಬರುವುದು ತೊಗರಿ, ದ್ರಾಕ್ಷಿ, ಕಬ್ಬಿನ ದುಡ್ಡು ಬಂದ ಮೇಲೆ. ತೊಗರಿ ದರ ಬಿದ್ದ ವರ್ಷ ಫೀ ಬಾಕಿ, ಕಾರ್ಖಾನೆ ಕಬ್ಬಿನ ಬಿಲ್ಲು ತಡ ಮಾಡಿದ ವರ್ಷ ಫೀ ಬಾಕಿ. ಆದರೂ ಮುಂದಿನ ಬಣ್ಣ, ಕಮಾನು, ಬ್ಯಾನರಿಗೆ ದುಡ್ಡು ಹೇಗೋ ಹೊಂದುತ್ತದೆ. ವಾರ್ಡನ್ ಸಂಬಳದ ಹೊತ್ತಿಗೆ ಮಾತ್ರ ತೊಗರಿ ದರ ನೆನಪಾಗುತ್ತದೆ.

ಕಾನೂನು ಸಿಬ್ಬಂದಿಯ ಕಡೆಗೂ ಇದೆ. ಇಪ್ಪತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಶಾಲೆಗೆ ಭವಿಷ್ಯ ನಿಧಿ ಅನ್ವಯಿಸುತ್ತದೆ. ಐದು ವರ್ಷ ದುಡಿದ ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂಬ ತಿದ್ದುಪಡಿಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಓದುವವರಲ್ಲಿ ಇಂಥ ಶಾಲೆಯ ಶಿಕ್ಷಕರಿದ್ದರೆ ಇದನ್ನು ತಿಳಿದುಕೊಂಡಿರಲಿ.

ನಮ್ಮ ನಾಡಿಗೆ ಮಕ್ಕಳನ್ನು ಬಿಟ್ಟು ಓದಿಸುವುದು ಹೊಸದಲ್ಲ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ 1917ರಲ್ಲಿ ಪಾಠಶಾಲೆ ಶುರುವಾಯಿತು. 1941ರಲ್ಲಿ ಜವಾಬ್ದಾರಿ ಹೊತ್ತ ಶಿವಕುಮಾರ ಸ್ವಾಮೀಜಿ 2019ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳು ಅಲ್ಲಿ ಉಂಡು ಓದಿದರು, ಈಗಲೂ ಓದುತ್ತಿದ್ದಾರೆ. ಅಲ್ಲಿಯ ಕೆಲಸವನ್ನು ಜನ ಅನ್ನ, ಅಕ್ಷರ, ಆಶ್ರಯ ಎಂದು ಮೂರು ಮಾತಿನಲ್ಲಿ ಹೇಳುತ್ತಾರೆ. ಅಕ್ಷರದ ಎರಡೂ ಬದಿಗೆ ಅನ್ನ ಮತ್ತು ಆಶ್ರಯ ಇವೆ. ಇಂದಿನ ಬ್ಯಾನರುಗಳಲ್ಲಿ ಅಕ್ಷರ ಒಂದೇ ಉಳಿದಿದೆ, ಅದೂ ಅಂಕಿಯ ರೂಪದಲ್ಲಿ.

ನಾವು ಸುದ್ದಿ ಕಳಿಸುವವರೂ ಹಾಗೇ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ವಸತಿ ಶಾಲೆ ಸುದ್ದಿ. ಊಟದಲ್ಲಿ ಹಲ್ಲಿ ಬಿದ್ದು ಮಕ್ಕಳು ಆಸ್ಪತ್ರೆ ಸೇರಿದರೆ ಸುದ್ದಿ. ಹನ್ನೊಂದೂವರೆಗೆ ಬ್ಯಾಟರಿ ಹಿಡಿದು ಒಬ್ಬರು ಎದ್ದು ಬಂದರು ಎಂಬುದು ಯಾವ ಪತ್ರಿಕೆಗೂ ಸುದ್ದಿಯಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಊರಲ್ಲಿ ನೋಡಿಕೊಳ್ಳುವವರಿಲ್ಲ, ಗಂಡ-ಹೆಂಡತಿ ಇಬ್ಬರೂ ಗೋವಾಕ್ಕೋ ಬೆಂಗಳೂರಿಗೋ ದುಡಿಯಲು ಹೋಗಬೇಕು, ಕಬ್ಬು ಕಡಿಯಲು ಗಾಡಿ ಹತ್ತಬೇಕು ಎನ್ನುವವರಿಗೆ ವಸತಿ ಶಾಲೆ ಬಿಟ್ಟು ದಾರಿಯಿಲ್ಲ. ಕಳಿಸಬೇಡಿ ಎಂದು ನಾವು ಹೇಳುವುದಿಲ್ಲ. ನಮ್ಮನ್ನೂ ಅದೇ ಶಾಲೆ ಬೆಳೆಸಿತು. ಹೆಸರು ಹಚ್ಚುವ ಮೊದಲು ಕಚೇರಿಯಲ್ಲಿ ಚಹಾ ಕುಡಿದು ಎದ್ದು ಬರದೆ, ಇಷ್ಟು ಕೇಳಿ.

ರಾತ್ರಿ ಮಕ್ಕಳ ಹತ್ತಿರ ಯಾರು ಮಲಗುತ್ತಾರೆ? ಅವರು ಎಷ್ಟು ವರ್ಷದಿಂದ ಇಲ್ಲಿದ್ದಾರೆ? ಹೆಣ್ಣುಮಕ್ಕಳ ಕಡೆ ರಾತ್ರಿ ಹೆಂಗಸರು ಇರುತ್ತಾರೆಯೇ? ಒಬ್ಬ ವಾರ್ಡನ್‌ಗೆ ಎಷ್ಟು ಮಕ್ಕಳು? ನಡುರಾತ್ರಿ ಜ್ವರ ಬಂದರೆ ಯಾವ ಗಾಡಿ, ಯಾವ ದವಾಖಾನೆ? ಮಗು ಮನೆಗೆ ಮಾತಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆಯೇ? ಸಾಧ್ಯವಾದರೆ ಊಟದ ಹೊತ್ತಿಗೆ ಹೋಗಿ. ಮಕ್ಕಳ ಸಂಡಾಸಿನ ಕಡೆ ಒಮ್ಮೆ ನಡೆದು ಬನ್ನಿ. ನೀರು ಬರುತ್ತದೋ ಇಲ್ಲವೋ, ಬಾಗಿಲಿಗೆ ಒಳಗಿನ ಚಿಲಕ ಇದೆಯೋ ಇಲ್ಲವೋ ನೋಡಿ.

ಮಗನಿಗೋ ಮಗಳಿಗೋ 1098 ಎಂಬ ನಾಲ್ಕು ಅಂಕಿ ಬಾಯಿಪಾಠ ಮಾಡಿಸಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಪುಕ್ಕಟೆ. ಗೇಟಿನಲ್ಲಿ ‘ಬಡೀರಿ’ ಅನ್ನಬೇಡಿ. ಅದರ ಬದಲು ವಾರ್ಡನ್ ಹೆಸರು, ಊರು ಕೇಳಿ, ಅವರ ನಂಬರು ಬರೆದುಕೊಳ್ಳಿ. ಭಾನುವಾರ ಮಗುವಿಗೆ ರೊಟ್ಟಿ ಬುತ್ತಿ ಒಯ್ಯುವಾಗ ಅವರಿಗೂ ಎರಡು ರೊಟ್ಟಿ ಹೆಚ್ಚು ಕಟ್ಟಿಕೊಳ್ಳಿ. ಪಾಲಕರ ಸಭೆಯಲ್ಲಿ ಎದ್ದು ನಿಂತು, “ನಮ್ಮ ವಾರ್ಡನ್ ಸರ್‌ಗ ಪಗಾರ ಬರೋಬ್ಬರಿ ಆಗ್ಯಾದೇನ್ರಿ?” ಅಂತ ಒಬ್ಬರಾದರೂ ಕೇಳಿ. ಫೀ ಕಟ್ಟುವವರು ನೀವು, ಕೇಳುವ ಹಕ್ಕು ನಿಮಗಿದೆ. ಆ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಮುಂದಿನ ಜೂನ್‌ನಲ್ಲೂ ಅದೇ ಸರ್ ನಿಮ್ಮ ಮಗನ ಪಕ್ಕದ ಕೋಣೆಯಲ್ಲಿ ಇರುತ್ತಾರೋ ಇಲ್ಲವೋ ಎಂಬುದು ನಿಂತಿದೆ.